ಹಾಡುವವರ ಕಂಕುಳಲ್ಲಿ

ಯುಕುಲೇಲೆ ಹುಚ್ಚು ಹತ್ತಿಸಿಕೊಂಡವರ ಮಾತಿಗೆ ಒಂದಷ್ಟು ಹೊತ್ತು ಕಿವಿಗೊಟ್ಟು ನೋಡಿ. ಮುಕ್ಕಾಲು ಪಾಲು ಮರದ ಮಾತೇ. ಕೋವಾ ಮರದ್ದು ಒಳ್ಳೆಯದೋ ಮಹಾಗನಿಯದೋ, ಸೊಪ್ರಾನೊ ಸಾಕೋ ಟೆನರ್ ಬೇಕೋ, ತಂತಿ ನೈಲಾನಿನದಿರಲೋ ಫ್ಲೋರೋಕಾರ್ಬನ್ನಿನದೋ. ಒಂದು ಕೊಂಡ ಮೇಲೆ ಇನ್ನೊಂದು, ಅದಾದ ಮೇಲೆ ಮಗದೊಂದು. ಈ ಚಾಳಿಗೆ ತಾವೇ ಕಾಯಿಲೆಯ ಹೆಸರಿಟ್ಟುಕೊಂಡು ನಗುತ್ತಾರೆ. ಹೊಸ ಮಾದರಿ ಯಾವುದು ಬಂತು, ಯಾರು ಎಲ್ಲಿ ನುಡಿಸಿದರು, ಯಾವ ಉತ್ಸವಕ್ಕೆ ಯಾರು ಹೊರಟರು ಎಂದು ಜಾಡು ಹಿಡಿದು ಹೋಗುವುದರಲ್ಲೇ ಸಂಜೆ ಮುಗಿದಿರುತ್ತದೆ. ವಾದ್ಯ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ.

ಬಳ್ಳಾರಿಗೂ ಈ ವಾದ್ಯ ಬಂದಿದೆ. ಎರಡು-ಮೂರು ಸಾವಿರ ರೂಪಾಯಿಗೆ ಮನೆ ಬಾಗಿಲಿಗೇ ಪಾರ್ಸೆಲ್ ಬರುತ್ತದೆ, ಕಲಿಸುವ ಮೇಷ್ಟ್ರು ಮೊಬೈಲಿನೊಳಗೇ ಇದ್ದಾರೆ. ಮೊಮ್ಮಗಳು ಅದನ್ನು ಚೀಲದಿಂದ ತೆಗೆದರೆ ಅಜ್ಜಿ ಕೇಳುವುದು ಒಂದೇ ಪ್ರಶ್ನೆ: "ಏನವ್ವಾ ಇದು, ಗಿಟಾರಿನ ಮರೀನಾ?" ಎರಡನೆಯ ಪ್ರಶ್ನೆ ಇನ್ನೂ ಚೆನ್ನಾಗಿರುತ್ತದೆ: "ನುಡಿಸ್ತೀ ಸರಿ, ಹಾಡೋರು ಯಾರು?" ವರ್ಷಗಟ್ಟಲೆ ಮರದ ಚರ್ಚೆ ಮಾಡಿದವರು ಕೇಳಿಕೊಳ್ಳದ ಪ್ರಶ್ನೆ ಅದು. ನನ್ನ ಮಟ್ಟಿಗೆ ಈ ವಾದ್ಯದ ಬಗ್ಗೆ ಕೇಳಬೇಕಾದದ್ದೂ ಅದೊಂದೇ.

ಹಾಗೆಂದು ಮರದ ಮಾತನ್ನು ಪೂರಾ ಬಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ನಲವತ್ತು ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಇಡೀ ಹಲಗೆಯಲ್ಲಿ ಮಾಡಿದ ದುಬಾರಿ ವಾದ್ಯ ಅಂಥ ಒಣ ಹವೆಗೆ ಕುಗ್ಗಿ ಸೀಳು ಬಿಡಬಹುದು. ಪದರ ಪದರವಾಗಿ ಅಂಟಿಸಿದ ಪ್ಲೈವುಡ್ಡಿನ ಅಗ್ಗದ್ದು ತಡೆದುಕೊಳ್ಳುತ್ತದೆ. ಬಲ್ಲವರು ಮೂಗು ಮುರಿಯುವ ಪ್ಲೈವುಡ್ಡೇ ನಮ್ಮ ಹವೆಗೆ ಸರಿ. ತಗಡಿನ ಮಾಡಿನ ಕೆಳಗಿರುವ ಬೀರುವಿನ ನೆತ್ತಿ, ಬಿಸಿಲಲ್ಲಿ ನಿಂತ ಕಾರಿನ ಹಿಂಬದಿ, ಇವೆರಡು ಕಡೆ ಇಡದಿದ್ದರೆ ಅರ್ಧ ಆಯಸ್ಸು ಉಳಿದಂತೆ. ಇನ್ನೊಂದು ಸಂಗತಿ, ಹೊಸ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಮಾಡಿ ಎರಡು ಹಾಡು ಮುಗಿಸುವಷ್ಟರಲ್ಲಿ ಇಳಿದಿರುತ್ತದೆ. ವಾದ್ಯವೇ ಸರಿಯಿಲ್ಲ ಎಂದು ವಾಪಸು ಕಳಿಸುವವರೂ ಉಂಟು. ತಂತಿಯ ನಡುವಿಗೆ ಬೆರಳು ಕೊಟ್ಟು ಮೆಲ್ಲಗೆ ಎಳೆದು, ಬಿರಡೆ ಬಿಗಿದು, ಮತ್ತೆ ಎಳೆದು ಪಳಗಿಸಬೇಕು, ಅಷ್ಟೆ.

ಶ್ರುತಿಯ ವಿಷಯಕ್ಕೆ ಬಂದರೆ ಇದು ನಮ್ಮ ಕಿವಿಗೆ ಅಷ್ಟೇನೂ ಹೊರಗಿನದಲ್ಲ. ನಾಲ್ಕು ತಂತಿಗೆ ಜಿ, ಸಿ, ಇ, ಎ ಎಂದು ಹೆಸರು. ಗಿಟಾರಿನಲ್ಲಿ ಮುಖದ ಕಡೆಯ ತಂತಿ ಎಲ್ಲಕ್ಕಿಂತ ಮಂದ್ರದ್ದು. ಇದರಲ್ಲಿ ಹಾಗಲ್ಲ, ಆ ಜಾಗದ ಜಿ ತಂತಿ ಏರು ದನಿಯದು. ಸಿ ತಂತಿಯನ್ನು ಷಡ್ಜವೆಂದು ಹಿಡಿದರೆ ಮೇಲಿನಿಂದ ಕೆಳಕ್ಕೆ ಪ, ಸ, ಗ, ಧ. ಕರ್ನಾಟಕ ಸಂಗೀತದವರು ಮೋಹನ ಎನ್ನುವ, ಹಿಂದುಸ್ತಾನಿಯವರು ಭೂಪ್ ಎನ್ನುವ ರಾಗದ ಐದು ಸ್ವರಗಳಲ್ಲಿ ನಾಲ್ಕು, ಎಲ್ಲಿಯೂ ಬೆರಳೊತ್ತದೆ ಹಾಗೇ ಸಿಗುತ್ತವೆ. ಬಾಕಿ ಉಳಿದದ್ದು ರಿಷಭ ಒಂದೇ. ಸಿ ತಂತಿಯ ಎರಡನೇ ಮನೆಯಲ್ಲಿ ಬೆರಳಿಟ್ಟರೆ ಅದೂ ಬಂತು. ಎ ತಂತಿಯ ಮೂರನೇ ಮನೆ ಒತ್ತಿದರೆ ಮೇಲಿನ ಷಡ್ಜ. ಉಂಗುರದ ಬೆರಳನ್ನು ಅಲ್ಲಿಂದ ಎತ್ತದೆ ನಾಲ್ಕೂ ತಂತಿಯನ್ನು ಒಮ್ಮೆಗೇ ಸವರಿದರೆ ಕೇಳುವುದು ಪ, ಸ, ಗ, ಸ. ಮೊಬೈಲಿನ ಮೇಷ್ಟ್ರು ಮೊದಲ ಪಾಠದಲ್ಲಿ ಸಿ ಕಾರ್ಡ್ ಎಂದು ಹೇಳಿಕೊಡುವುದು ಇದನ್ನೇ. ಐದು ಸ್ವರದೊಳಗೇ ಸುತ್ತಾಡುವ ಜನಪದ ಧಾಟಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಿಗೆ ಎಡಗೈಯ ಎರಡು ಬೆರಳು ಧಾರಾಳವಾಯಿತು.

ಗಮಕಕ್ಕೆ ಮಾತ್ರ ಇದು ಬಗ್ಗುವುದಿಲ್ಲ. ಮೀಟಿದ ನಾದ ಬೇಗ ಆರಿಹೋಗುತ್ತದೆ, ಸ್ವರ ಜಗ್ಗಿ ಎಳೆಯಲು ಜಾಗವಿಲ್ಲ, ಮನೆಗಳು ಒತ್ತೊತ್ತಾಗಿವೆ. ಮ್ಯಾಂಡೊಲಿನ್ನಿನಲ್ಲಿ ಯು. ಶ್ರೀನಿವಾಸ್ ಸಾಧಿಸಲಿಲ್ಲವೇ ಎಂದು ಕೇಳಬಹುದು. ಸಾಧಿಸಿದರು, ಆದರೆ ಅವರು ಕೈಗೆತ್ತಿಕೊಂಡದ್ದು ವಿದ್ಯುತ್ ಮ್ಯಾಂಡೊಲಿನ್. ಜೋಡಿ ತಂತಿಗಳನ್ನು ಒಂಟಿ ಮಾಡಿ, ಐದು ತಂತಿಗೆ ನಿಲ್ಲಿಸಿಕೊಂಡು, ಒಂದು ಜನ್ಮದ ವಿದ್ಯೆಯನ್ನೇ ಅದಕ್ಕೆ ಸುರಿದರು. ಸಂಜೆ ಅಂಗಡಿ ಮುಚ್ಚಿ ಬಂದು ಅರ್ಧ ಗಂಟೆ ನುಡಿಸುವವರಿಗೆ ಆ ದಾರಿ ಬೇಡ. ಯುಕುಲೇಲೆ ವಾದಕ ಜೇಕ್ ಶಿಮಾಬುಕುರೊ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಕೂತು ನುಡಿಸಿದ ವಿಡಿಯೊ 2006ರಲ್ಲಿ ಜಗತ್ತೆಲ್ಲ ಸುತ್ತಿತು. ಅದನ್ನು ನೋಡಿ ಎಷ್ಟೋ ಜನ ಯುಕುಲೇಲೆ ಕೊಂಡರು. ಅದನ್ನೇ ನೋಡಿ ತಮ್ಮಿಂದಾಗದು ಎಂದು ಕೆಳಗಿಟ್ಟವರೂ ಕಡಿಮೆ ಇರಲಿಕ್ಕಿಲ್ಲ. ಕಚೇರಿ ಮಾಡುವುದು ಒಂದು ಕಸುಬು. ಹಾಡಿನ ಜೊತೆಗಿರುವುದು ಇನ್ನೊಂದು.

ಆ ಎರಡನೆಯ ಕಸುಬು ಏನೆಂದು ತಿಳಿಯಲು ಕುರುಗೋಡು ಸೀಮೆಯವರು ದೂರ ಹೋಗಬೇಕಿಲ್ಲ. ಎಲ್ಲಮ್ಮನ ಜೋಗತಿಯರ ಚೌಡಿಕೆ ನೋಡಿ. ಒಳಗೆ ಪೊಳ್ಳಾದ ಮರದ ಉರುಳೆ, ತಳಕ್ಕೆ ಚರ್ಮ, ಪಕ್ಕಕ್ಕೆ ಸಿಕ್ಕಿಸಿದ ಒಂದು ಕೋಲು. ಚರ್ಮದ ನಟ್ಟನಡುವಿನಿಂದ ಹೊರಟ ಒಂದೇ ತಂತಿ ಉರುಳೆಯೊಳಗೆ ಹಾದು ಕೋಲಿನ ತುದಿಯ ಬಿರಡೆಗೆ ಬಿಗಿದಿರುತ್ತದೆ. ಅದನ್ನು ಕಂಕುಳಲ್ಲಿ ಅವುಚಿ ಮೀಟುತ್ತಾರೆ. ಎಳೆತ ಹೆಚ್ಚಾದರೆ ದನಿ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಮನೆಯಿಲ್ಲ, ಪಟ್ಟಿಯಿಲ್ಲ. ಯುಕುಲೇಲೆಗೆ ಆಗದ ಜಾರು ಚೌಡಿಕೆಗೆ ಹುಟ್ಟಿನಿಂದಲೇ ಬಂದದ್ದು. ತಂತಿವಾದ್ಯವೋ ಚರ್ಮವಾದ್ಯವೋ ಎಂದು ಪಂಡಿತರು ಬೇಕಾದರೆ ವಾದ ಮಾಡಲಿ. ಚೌಡಿಕೆ ಪದ ಹೇಳುವವರಿಗೆ ಅದು ಎರಡೂ ಹೌದು. ಒಂದೇ ಕೈಯಲ್ಲಿ ಸ್ವರವೂ ಬಂತು, ನಡೆಯೂ ಬಂತು.

ಮಂಜಮ್ಮ ಜೋಗತಿ ಹುಟ್ಟಿದ್ದು ಈ ಸೀಮೆಯ ಕಲ್ಲುಕಂಬದಲ್ಲಿ. ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ಆ ಹಾದಿಯಲ್ಲಿ ಹಸಿವಿತ್ತು, ಅವಮಾನವಿತ್ತು, ಭಿಕ್ಷೆಯಿತ್ತು. ಹವ್ಯಾಸ ಎಂಬ ಮಾತನ್ನು ಅವರ ಬಾಳಿನ ಪಕ್ಕಕ್ಕೆ ತಂದಿಡಲು ನನಗೆ ಬಾಯಿ ಬರುವುದಿಲ್ಲ. ಇಷ್ಟನ್ನು ಹೇಳಬಹುದು: ಚೌಡಿಕೆ ಎಂದೂ ಒಂಟಿಯಾಗಿ ನುಡಿದ ವಾದ್ಯವಲ್ಲ. ಪಕ್ಕದಲ್ಲಿ ತಾಳ, ಶ್ರುತಿ, ಹಿಮ್ಮೇಳದ ದನಿ, ಎದುರಿಗೆ ಕೂತ ಜನ. ಇವೆಲ್ಲ ಸೇರಿದರೇ ಚೌಡಿಕೆ ಪದ. ಚೌಡಿಕೆಯ ಮರ ಯಾವುದು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಯುಕುಲೇಲೆಯೂ ಆದಿಯಲ್ಲಿ ಇಂಥದೇ ಕಡೆಯಿಂದ ಬಂದದ್ದು. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ನಾಲ್ಕು ತಿಂಗಳು ಸಮುದ್ರದಲ್ಲಿ ತೇಲಿ ಹವಾಯಿಯ ಹೊನೊಲುಲು ಮುಟ್ಟಿತು. ಅದರಲ್ಲಿದ್ದವರು ಕಬ್ಬಿನ ತೋಟದ ಕೂಲಿಗೆ ಕರಾರು ಬರೆದುಕೊಟ್ಟು ಹೊರಟ ಸಂಸಾರಗಳು, ನಾನೂರಕ್ಕೂ ಹೆಚ್ಚು ಜನ. ಮ್ಯಾನುಯೆಲ್ ನೂನೆಸ್, ಆಗುಸ್ತೊ ಡಿಯಾಸ್, ಜೋಸೆ ದೊ ಎಸ್ಪಿರಿತೊ ಸಾಂತೊ ಎಂಬ ಮೂವರು ಮರಗೆಲಸದವರೂ ಅವರಲ್ಲಿದ್ದರು. ತಮ್ಮ ದ್ವೀಪದ ಮಶೆತ್ ಎಂಬ ಪುಟ್ಟ ವಾದ್ಯದ ನೆನಪು ಕೈಯಲ್ಲಿತ್ತು. ತೋಟದ ಕರಾರು ಕಳೆದ ಮೇಲೆ ಹೊನೊಲುಲುವಿನಲ್ಲಿ ಅಂಗಡಿ ಹಾಕಿ, ಅಲ್ಲಿ ಬೆಳೆಯುವ ಕೋವಾ ಮರದಲ್ಲೇ ಅದನ್ನು ಮಾಡಿದರು. ಇವತ್ತು ಜನ ಲಕ್ಷಗಟ್ಟಲೆ ಸುರಿದು ತರಿಸುವ ಕೋವಾ ಅಂದು ಅವರಿಗೆ ಕೈಗೆ ಸಿಕ್ಕ ಸ್ಥಳೀಯ ಮರ, ಅದಕ್ಕೇ ಬಳಸಿದರು. ರಾಜ ಕಲಾಕೌವ ಅರಮನೆಯ ಹಾಡು ಕುಣಿತಕ್ಕೆ ಅದನ್ನು ಸೇರಿಸಿಕೊಂಡ. ಹವಾಯಿಯ ಜನ ತಮ್ಮ ಭಾಷೆಯ ಹಾಡಿಗೆ ಅದನ್ನು ಮೀಟಿದರು. ಒಂದೇ ತಲೆಮಾರಿನಲ್ಲಿ ಅದು ಅವರದಾಗಿಹೋಯಿತು. 1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಅಮೆರಿಕದವರು ಕಂಡು ಮರುಳಾಗುವ ಹೊತ್ತಿಗೆ ಅದು ಪೋರ್ಚುಗಲ್ಲಿನದೆಂದು ನೆನೆಯುವವರೇ ಇರಲಿಲ್ಲ.

ಇದನ್ನು ಓದುವಾಗ ನನಗೆ ಸಿರುಗುಪ್ಪದ ಕಾಲುವೆ ನೆನಪಾಗುತ್ತದೆ. ತುಂಗಭದ್ರೆಯ ಅಣೆಕಟ್ಟೆಯಿಂದ 1953ರಲ್ಲಿ ನೀರು ಬಿಟ್ಟ ಮೇಲೆ ಜೋಳದ ಹೊಲ ಭತ್ತದ ಗದ್ದೆಯಾಯಿತು. ಆಂಧ್ರದ ಕರಾವಳಿಯಿಂದ ರೈತರು ಬಂದು ಜಮೀನು ಹಿಡಿದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರೊಂದಿಗೆ ಅವರ ಅಡುಗೆ, ಅವರ ಹಬ್ಬ, ಅವರ ಹಾಡು ಬಂದವು. ಅದಕ್ಕೂ ಮುಂಚಿನಿಂದಲೇ ಈ ಜಿಲ್ಲೆಯಲ್ಲಿ ಕನ್ನಡ ತೆಲುಗು ಒಂದೇ ಅಂಗಳದಲ್ಲಿ ಬೆಳೆದವು. ದರೋಜಿಯ ಈರಮ್ಮ ಆಂಧ್ರದ ಕಡೆಯ ಬುರ್ರಕಥೆಯನ್ನು ಕನ್ನಡದಲ್ಲಿ ಹಾಡಿದವರು. 2014ರಲ್ಲಿ ತೀರಿಕೊಳ್ಳುವವರೆಗೂ ರಾತ್ರಿಗಟ್ಟಲೆ ಹಾಡುವ ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಹೆಗಲಿಗೆ ತಂಬೂರಿ. ತಂಬೂರಿ ಕಥೆಯನ್ನು ನಡೆಸುತ್ತಿರಲಿಲ್ಲ, ಕಥೆಯ ಕೆಳಗೆ ನಿಂತಿರುತ್ತಿತ್ತು.

ಹಾರ್ಮೋನಿಯಮ್ಮಿನ ಪಾಡೂ ಬೇರೆಯಲ್ಲ. ಯುರೋಪಿನಿಂದ ಬಂದದ್ದು ಅದು. ಶಾಸ್ತ್ರೀಯರು ಒಪ್ಪದೆ, 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ದೂರವಿಟ್ಟಿತ್ತು. ಅದೇ ಮೂರು ದಶಕ ನಮ್ಮ ಕಡೆಯ ಕಂಪನಿ ನಾಟಕ, ಬಯಲಾಟಗಳಲ್ಲಿ ಅದು ರಾಜ್ಯವಾಳಿತು. ಸುಭದ್ರಮ್ಮ ಮನ್ಸೂರರ ರಂಗಗೀತೆ ಹಾರ್ಮೋನಿಯಂ ಇಲ್ಲದೆ ಕೇಳುವುದನ್ನು ಊಹಿಸಲೂ ಆಗದು. ಪರದೇಶದ್ದೋ ಸ್ವದೇಶದ್ದೋ ಎಂದು ದೊಡ್ಡಾಟದ ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಏರು ದನಿಯ ಪಾತ್ರಧಾರಿಗೆ ಆಸರೆ ಸಿಕ್ಕಿತೇ ಎಂದಷ್ಟೇ ನೋಡಿದರು.

ಹೊರದೇಶದ ಯುಕುಲೇಲೆ ಕೂಟಗಳಲ್ಲಿ ನನಗೆ ಹಿಡಿಸುವುದೂ ಈ ಗುಣವೇ. ಹವಾಯಿಯಲ್ಲಿ ರಾಯ್ ಸಕುಮಾ 1971ರಲ್ಲಿ ಶುರು ಮಾಡಿದ ಉತ್ಸವದಲ್ಲಿ ನೂರಾರು ಮಕ್ಕಳು ಒಟ್ಟಿಗೆ ನುಡಿಸುತ್ತಿದ್ದರು. ಇಂಗ್ಲೆಂಡಿನ ಊರೂರಲ್ಲಿ ವಾರಕ್ಕೊಮ್ಮೆ ಸೇರುವ ನಿವೃತ್ತರು, ನರ್ಸುಗಳು, ಬಸ್ ಓಡಿಸುವವರು ಸಾಹಿತ್ಯದ ಹಾಳೆ ಮುಂದಿಟ್ಟುಕೊಂಡು ಮೂರು ಕಾರ್ಡಿನಲ್ಲಿ ಹತ್ತಾರು ಹಾಡು ಹೇಳುತ್ತಾರೆ. ಯಾರೋ ಒಬ್ಬರು ತಪ್ಪಿದರೆ ಉಳಿದವರ ದನಿಯಲ್ಲಿ ಮುಚ್ಚಿಹೋಗುತ್ತದೆ. ಮರದ ಮಾತು ಹಾಡು ಮುಗಿದ ಮೇಲೆ, ಚಹಾದ ಹೊತ್ತಿಗೆ. ನಮ್ಮಲ್ಲಿ ಇದು ತಿರುವುಮುರುವಾಗಿದೆ. ಮೊಬೈಲಿನ ಮುಂದೆ ಒಬ್ಬರೇ ಕೂತು, ಇಂಗ್ಲಿಷ್ ಹಾಡೊಂದನ್ನು ಅರ್ಧ ಕಲಿತು, ವಿಡಿಯೊ ಹಾಕಿ, ಎಷ್ಟು ಜನ ಮೆಚ್ಚಿದರೆಂದು ಎಣಿಸುವುದು. ಬಳ್ಳಾರಿಯ ಹುಡುಗಿ ಹವಾಯಿ ಹಾಡು ನುಡಿಸಬಾರದೆಂದಲ್ಲ, ಧಾರಾಳವಾಗಿ ನುಡಿಸಲಿ. ಆದರೆ ಅವಳ ಅಜ್ಜಿಗೆ ಬಾಯಿಪಾಠವಾಗಿರುವ ಬೀಸುವ ಪದ, ಸೋಬಾನೆ ಪದಗಳಿಗೆ ಅದೇ ಎರಡು ಬೆರಳು ಸಾಕಾಗಿರುವಾಗ, ಅಡುಗೆಮನೆಯಲ್ಲೇ ಹಾಡುಗಾರ್ತಿ ಇರುವಾಗ, ಜೊತೆಗಾರರನ್ನು ಮೊಬೈಲಿನಲ್ಲಿ ಯಾಕೆ ಹುಡುಕಬೇಕು?

ಅಜ್ಜಿಯನ್ನು ಕೂರಿಸಿಕೊಂಡು ನುಡಿಸಲು ಹೊರಟರೆ ಮೊದಲು ಎಡವುವುದು ಶ್ರುತಿಯಲ್ಲಿ. ಸಿ ಎಂದರೆ ನಮ್ಮ ಹಾರ್ಮೋನಿಯಂ ಮೇಷ್ಟ್ರ ಲೆಕ್ಕದಲ್ಲಿ ಬಿಳಿ ಒಂದು. ಎಲ್ಲರ ದನಿಯೂ ಬಿಳಿ ಒಂದಕ್ಕೆ ಕೂರುವುದಿಲ್ಲ. ಏರಿಸುವುದು ಸುಲಭ: ಕೇಪೋ ಎಂಬ ಸಣ್ಣ ಚಿಮಟವನ್ನು ಮೊದಲನೇ ಮನೆಗೆ ಕಚ್ಚಿಸಿದರೆ ಕರಿ ಒಂದು, ಮೂರನೇ ಮನೆಗೆ ಕಚ್ಚಿಸಿದರೆ ಕರಿ ಎರಡು, ಬೆರಳಿನ ಪಾಠ ಬದಲಾಗುವುದಿಲ್ಲ. ಇಳಿಸುವುದು ಕಷ್ಟ. ವಯಸ್ಸಾದ ಹೆಂಗಸರ ದನಿ ಎಷ್ಟೋ ಸಲ ಅದಕ್ಕಿಂತ ಕೆಳಗೆ, ಕರಿ ಐದರ ಆಸುಪಾಸಿನಲ್ಲಿರುತ್ತದೆ. ಅಲ್ಲಿಗೆ ಬರಬೇಕೆಂದರೆ ನಾಲ್ಕೂ ತಂತಿಯನ್ನು ಎರಡೆರಡು ಮನೆಯಷ್ಟು ಸಡಿಲಿಸಬೇಕು. ಗಿಡ್ಡ ಸೊಪ್ರಾನೊದಲ್ಲಿ ಹಾಗೆ ಮಾಡಿದರೆ ತಂತಿ ಜೋತುಬಿದ್ದು ನಾದ ಸತ್ತುಹೋಗುತ್ತದೆ. ತಂತಿ ಉದ್ದವಿರುವ ಟೆನರ್ ಆ ಸಡಿಲವನ್ನು ತಾಳಿಕೊಳ್ಳುತ್ತದೆ. ಸೊಪ್ರಾನೊ ಸಾಕೋ ಟೆನರ್ ಬೇಕೋ ಎಂಬ ಆ ಕೊನೆಯಿಲ್ಲದ ಚರ್ಚೆಗೆ ನನ್ನ ಉತ್ತರ ಇಷ್ಟೆ: ಪಾರ್ಸೆಲ್ ತರಿಸುವ ಮೊದಲು ಮನೆಯಲ್ಲಿ ಹಾಡುವವರಿಂದ ಒಂದು ಪದ ಹೇಳಿಸಿ, ಪಕ್ಕದ ಬೀದಿಯ ಹಾರ್ಮೋನಿಯಮ್ಮಿನಲ್ಲಿ ಅವರ ಮನೆ ಯಾವುದೆಂದು ನೋಡಿಕೊಳ್ಳಿ. ಬಿಳಿ ಒಂದಾದರೆ ಸೊಪ್ರಾನೊ, ಕರಿ ಐದಾದರೆ ಟೆನರ್.