ಕಾಯಕದಲ್ಲಿ ಕಾಯವೆಲ್ಲಿ?



ಕಳೆದ ಶ್ರಾವಣದಲ್ಲಿ ಕಲಘಟಗಿ ಸೀಮೆಯ ಭಕ್ತರೊಬ್ಬರು ಮಠಕ್ಕೆ ಬಂದು, ಉಳಿದವರೆಲ್ಲ ಎದ್ದುಹೋಗುವವರೆಗೆ ಕಾದಿದ್ದು, ಸಂಕೋಚದಿಂದ ಒಂದು ಮಾತು ಕೇಳಿದರು: “ಅಜ್ಜಾರ, ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಿದರೆ ದೋಷವುಂಟೇ?” ಅವರಿಗೆ ಐವತ್ತೆರಡು ವರ್ಷ. ಮೊಣಕಾಲು ಮಡಚಲು ಬಾರದು, ಮೈ ಭಾರವಾಗಿದೆ, ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ವೈದ್ಯರು ಹೇಳಿದ್ದಾರೆ. ಅವರ ತಂದೆಯವರು ಎಪ್ಪತ್ತು ದಾಟಿದ ಮೇಲೂ ನೆಲದ ಮೇಲೆ ಪದ್ಮಾಸನ ಹಾಕಿ ಲಿಂಗಾರ್ಚನೆಗೆ ಕುಳಿತುಕೊಳ್ಳುತ್ತಿದ್ದುದನ್ನು ನಾವೇ ಕಂಡಿದ್ದೇವೆ.

ದೋಷವಿಲ್ಲವೆಂದೆವು. ಲಿಂಗವಿರುವುದು ಕರಸ್ಥಲದಲ್ಲಿ, ಆಸನ ಯಾವುದಾದರೇನು? ಆದರೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅವರ ದಿನಚರಿಯನ್ನು ವಿಚಾರಿಸಿದೆವು. ಉಳುವುದು ಟ್ರ್ಯಾಕ್ಟರು, ಬಿತ್ತುವುದು ಅದರ ಹಿಂದಿನ ಕೂರಿಗೆ, ಗೋವಿನಜೋಳದ ರಾಶಿ ಮಾಡುವುದು ಯಂತ್ರ. ಕೊಳವೆಬಾವಿಯ ಪಂಪನ್ನು ಮನೆಯಲ್ಲಿಯೇ ಕುಳಿತು ಮೊಬೈಲಿನಿಂದ ನಡೆಸುತ್ತಾರೆ. ಹೊಲವು ಊರಿನಿಂದ ಅರ್ಧ ಮೈಲು, ಅಲ್ಲಿಗೂ ಬೈಕು. ಉಳಿದ ಹೊತ್ತೆಲ್ಲ ಕಟ್ಟೆಯ ಮೇಲೆ, ಕೈಯಲ್ಲಿ ಅದೇ ಮೊಬೈಲು. ಹೊಲವಿದೆ, ಬೆಳೆಯಿದೆ, ಒಕ್ಕಲುತನವು ಅವರ ಕೈಕಾಲುಗಳಿಂದ ಮಾತ್ರ ಹೊರಟುಹೋಗಿದೆ. ಊಟವಾದರೋ ನೇಗಿಲು ಹೊಡೆದವರ ಕಾಲದ್ದೇ!

ಶರಣರು ಕಾಯಕವೆಂದಾಗ ಕಾಯವನ್ನು ಹೊರಗಿಟ್ಟು ನುಡಿದವರಲ್ಲ. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತರು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಕೊಯ್ಯುವಾಗ ಲಿಂಗವೇ ಜಾರಿ ಬಿದ್ದರೂ ಕಾಯಕ ಬಿಡಲಿಲ್ಲವೆಂದು ಐತಿಹ್ಯ. ಹಣ ಕೊಟ್ಟು ಮಾಡಿಸಿದ ದುಡಿಮೆಯಿಂದ ಬೆಳೆ ಬರಬಹುದು, ದಾಸೋಹವೂ ನಡೆಯಬಹುದು. ಆದರೆ ದೇಹಕ್ಕೆ ಸಲ್ಲಬೇಕಾದ ಪಾಲನ್ನು ಬೇರೊಬ್ಬರು ಸಲ್ಲಿಸಲಾರರು.

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬೆಳಗಿನ ಜಾವಕ್ಕೆ ಎದ್ದು ಬೀಸಿ, ಕುಟ್ಟಿ, ದೂರದ ಕೆರೆಯಿಂದ ಕೊಡ ಹೊತ್ತು ಸವೆದ ತಾಯಂದಿರ ಸೊಂಟನೋವನ್ನು ಬಲ್ಲವರು ಹಿಟ್ಟಿನ ಗಿರಣಿಯನ್ನು ಬೈಯಲಾರರು. ಬೀಸುವ ಪದಗಳು ಹೋದವೆಂದು ಮರುಗುವ ಗಂಡಸರಲ್ಲಿ ಎಷ್ಟು ಮಂದಿ ಬೀಸುವ ಕಲ್ಲಿನ ಗೂಟ ಹಿಡಿದಿದ್ದರು?

ವೈದ್ಯಶಾಸ್ತ್ರವು ಹೇಳುವುದು ಸರಳವಾದ ಮಾತು. ದುಡಿಯುವ ಸ್ನಾಯುವು ಇನ್ಸುಲಿನ್ನಿಗಾಗಿ ಕಾಯದೆಯೇ ರಕ್ತದೊಳಗಿನ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಸುಮ್ಮನೆ ಕುಳಿತವನ ಸ್ನಾಯುವಿಗೆ ಆ ಹಸಿವಿಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯರೋಗ ಕಡಿಮೆಯಿತ್ತು. ಬಸ್ಸು ಒಂದೇ, ದಾರಿ ಒಂದೇ! ನಮ್ಮ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು 2023ರಲ್ಲಿ ತಿಳಿಸಿತು. ಸಾಕಷ್ಟು ದೇಹಶ್ರಮವಿಲ್ಲದ ವಯಸ್ಕರು 2000ದಲ್ಲಿ ನೂರಕ್ಕೆ ಸುಮಾರು 22 ಇದ್ದವರು 2022ರ ಹೊತ್ತಿಗೆ ಅರ್ಧದಷ್ಟಾದರೆಂದು 2024ರ ಇನ್ನೊಂದು ವರದಿ ಹೇಳುತ್ತದೆ. ಅದರಲ್ಲಿ ಹೆಂಗಸರ ಪಾಲೇ ಹೆಚ್ಚು. ಮನೆಯೊಳಗಿನ ನಿಲುವು, ಓಡಾಟ ಸಾಕಾಯಿತೆಂದು ಗೃಹಿಣಿಯರು ತಿಳಿಯಬಾರದು. ಅವರಿಗೂ ಸಂಜೆಯ ಅರ್ಧ ತಾಸನ್ನು ಮನೆಯವರು ಬಿಟ್ಟುಕೊಡಬೇಕು.

ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಐದು ದಿನ ಅರ್ಧರ್ಧ ತಾಸು ನಡೆದರೆ ಅದು ತುಂಬಿತು. ಹೊಲಕ್ಕೆ ಹೋಗಿಬರುವ ದಾರಿಯಲ್ಲಿಯೇ ಬಹುಪಾಲು ಮುಗಿಯುತ್ತದೆ. ಮೊಣಕಾಲು ನೋವಿದ್ದವರು, ಪಾದದ ಸ್ಪರ್ಶ ಕುಂದಿದವರು ಮೊದಲು ವೈದ್ಯರನ್ನು ಕೇಳಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿಕೊಳ್ಳಬೇಕು.

ಇಷ್ಟನ್ನೆಲ್ಲ ಹೇಳಿದಾಗ ಆ ಭಕ್ತರು ನಗುತ್ತ, “ಅಜ್ಜಾರ, ತಾವೂ ಕಾರಿನಲ್ಲಿಯೇ ಬರುತ್ತೀರಲ್ಲ?” ಎಂದರು. ಜಂಗಮವೆಂದರೆ ಚಲಿಸುವುದು, ಚಲಿಸುತ್ತಿದ್ದುದು ಕಾರು, ಸ್ಥಾವರವಾಗಿದ್ದವರು ನಾವು! ಅಂದಿನಿಂದ ಊರ ಅಗಸಿಯಲ್ಲಿಯೇ ಇಳಿದು ಭಕ್ತರ ಮನೆಗಳಿಗೆ ನಡೆದು ಹೋಗುತ್ತಿದ್ದೇವೆ. ಮೊದಲ ವಾರ ಮೀನಗಂಡ ಬಹಳ ನೋಯಿತು.

ಶಿವರಾತ್ರಿಗೆ ಅವರು ಮತ್ತೆ ಬಂದಿದ್ದರು. ಲಿಂಗಪೂಜೆಗೆ ಇನ್ನೂ ಕುರ್ಚಿಯೇ ಬೇಕಾಗಿದೆಯೆಂದರು. ಬೈಕಿನ ಕೀಲಿಯನ್ನು ಮಾತ್ರ ಮಗನ ಕೈಗೆ ಕೊಟ್ಟಿದ್ದಾರಂತೆ. ದಿನವೂ ಹೊಲಕ್ಕೆ ನಡೆದೇ ಹೋಗಿಬರುತ್ತಾರೆ.