ಓದುಗನೂ ಸಾಕ್ಷಿಯೇ

ಓದಿ ಮುಗಿಸಿದ ಪುಸ್ತಕವನ್ನು ಕುರಿತು ನಾಲ್ಕು ಮಾತು ಆಡದೆ ಇರುವುದು ಕಷ್ಟ. ಊಟವಾದ ಮೇಲೆ ಎಲೆ ಅಡಿಕೆ ಹೇಗೋ, ಓದಾದ ಮೇಲೆ ಮಾತು ಹಾಗೆ. ಅದಿಲ್ಲದಿದ್ದರೆ ಓದಿದ್ದು ಮೈಗೆ ಹತ್ತಿದಂತೆ ಆಗುವುದಿಲ್ಲ. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಾಗಲಿ, ಬೆಂಗಳೂರಿನ ಹೋಟೆಲಿನ ಮೂಲೆಯ ಮೇಜಿನಲ್ಲಾಗಲಿ, ಓದುವ ಹವ್ಯಾಸದವರಿಬ್ಬರು ಕಲೆತರೆ ಕ್ಷೇಮಸಮಾಚಾರ ಮುಗಿಯುವ ಮೊದಲೇ ‘ಈಚೆಗೆ ಏನು ಓದಿದಿರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಸಾಮಾನ್ಯವಾಗಿ ಚಿಕ್ಕದು. ‘ಆ ಕಾದಂಬರಿ ಹಿಡಿಸಿತು; ಈ ಆತ್ಮಕಥೆ ಅಷ್ಟಾಗಿ ಹಿಡಿಸಲಿಲ್ಲ.’ ಎರಡು ಬಗೆಯ ಪುಸ್ತಕಕ್ಕೂ ಒಂದೇ ಕ್ರಿಯಾಪದ. ನನಗೆ ತೊಡಕು ಕಾಣುವುದು ಈ ಕ್ರಿಯಾಪದದಲ್ಲಿಯೇ.

ಕಾದಂಬರಿಯ ಮಟ್ಟಿಗೆ ಓದುಗ ಸರ್ವಸ್ವತಂತ್ರ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿ, ನಾಗವೇಣಿಯ ಬಾಳು ಕೆಡಿಸಿದ ಲಚ್ಚನನ್ನು ಬಾಯಿಗೆ ಬಂದಂತೆ ಬಯ್ಯಬಹುದು, ಇಲ್ಲವೆ, ಅವನೂ ಕಾಲದ ಕೈಗೊಂಬೆಯೆಂದು ಕನಿಕರಿಸಬಹುದು. ನಮ್ಮ ಬೈಗುಳದಿಂದ ಲಚ್ಚನ ಮಾನ ಹೋಗದು. ಅವನ ಮೊಮ್ಮಕ್ಕಳು ಸಂಪಾದಕರಿಗೆ ಕಾಗದ ಬರೆಯರು. ನಮ್ಮ ಹಿಂದಿನ ಆಲಂಕಾರಿಕರು ಇದಕ್ಕೆ ಸಾಧಾರಣೀಕರಣವೆಂದು ಹೆಸರಿಟ್ಟರು. ಕಾವ್ಯದಲ್ಲಿ ಬರುವ ಶೋಕ ‘ಇದು ಇಂಥವನದು’ ಎಂಬ ಕಟ್ಟನ್ನು ಕಳಚಿಕೊಂಡು ಎಲ್ಲರದೂ ಆಗುತ್ತದೆ. ಆದುದರಿಂದಲೇ ಅದನ್ನು ಸವಿಯುವುದರಲ್ಲಿ ದೋಷವಿಲ್ಲ. ನೆರೆಮನೆಯ ಸಾವನ್ನು ಸವಿಯುವವನು ಕಟುಕ. ನಾಟಕದ ಸಾವನ್ನು ಸವಿಯುವವನು ಸಹೃದಯ.

ಆತ್ಮಕಥೆಯ ಪಾಡು ಇವೆರಡರ ನಡುವಿನದು. ಅದು ನಾಟಕವೂ ಹೌದು, ನೆರೆಮನೆಯೂ ಹೌದು. ಬರೆಯುವವನು ಕಾದಂಬರಿಕಾರನಂತೆಯೇ ಆರಿಸುತ್ತಾನೆ, ಜೋಡಿಸುತ್ತಾನೆ, ಯಾವುದನ್ನು ಎಲ್ಲಿ ಹೇಳಿದರೆ ಮನಸ್ಸಿಗೆ ನಾಟೀತೆಂದು ಲೆಕ್ಕ ಹಾಕುತ್ತಾನೆ. ಆದರೆ ಆ ಪುಟಗಳಲ್ಲಿ ನಡೆದಾಡುವವರು ನಿಜವಾಗಿ ಬದುಕಿದವರು. ತನ್ನನ್ನು ನಾಲ್ಕು ಜನ ಅಳೆಯಲಿ ಎಂದು ಒಪ್ಪಿಕೊಂಡು ಕೂತವನು ಲೇಖಕನೊಬ್ಬನೇ. ಅವನ ಹೆಂಡತಿ, ಅಣ್ಣ, ಮೇಲಧಿಕಾರಿ, ಬಾಲ್ಯದ ಗೆಳೆಯ—ಇವರನ್ನು ಯಾರೂ ಕೇಳಲಿಲ್ಲ. ಪುಸ್ತಕ ಹಿಡಿಸಿತೆಂದು ನಾವು ತಲೆದೂಗಿದಾಗ ಇವರ ಮೇಲಿನ ತೀರ್ಪಿಗೂ ನಮ್ಮ ರುಜು ಬಿದ್ದಂತಾಯಿತೆ? ಇದೇ ನನ್ನ ಪ್ರಶ್ನೆ.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಪೋಣಿಸಿಕೊಂಡು ಬರುವ ಹೆದ್ದಾರಿ ಇನ್ನೂ ಉತ್ತರಕ್ಕೆ ಸಾಗಿ, ಕೃಷ್ಣೆಯನ್ನು ದಾಟಿ ಸುರಪುರಕ್ಕೆ ಹೋಗುತ್ತದೆ. ಅಲ್ಲಿ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯಿದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಕಾದಂಬರಿಕಾರನೂ ಆಗಿದ್ದ, ಆತ್ಮಕಥೆಯನ್ನೂ ಬರೆದ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹಡಗು ಹತ್ತಿ ಮುಂಬಯಿಗೆ ಬಂದು, ಬಳಿಕ ನಿಜಾಮನ ಚಾಕರಿಗೆ ಸೇರಿದವನು. 1839ರಲ್ಲಿ ಅಚ್ಚಾದ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಅವನಿಗೆ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ತಂದಿತು. ಅವನ ಆತ್ಮಕಥೆ ಹೊರಬಂದುದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅದನ್ನು ಸಿದ್ಧಪಡಿಸಿದವಳು ಮಗಳು ಆಲಿಸ್.

ಥಗ್ಗನ ಕಾದಂಬರಿಯನ್ನು ಓದಿದವರು ಅದರ ನಾಯಕ ಅಮೀರ್ ಅಲಿಯನ್ನು ಹೇಗೆ ಬೇಕಾದರೂ ಕಾಣಬಹುದು. ಕತ್ತಿಗೆ ಕರವಸ್ತ್ರ ಬಿಗಿದು ಕೊಲ್ಲುವವನ ಮಾತು ಅಷ್ಟು ಸೊಗಸಾಗಿರುವುದೇಕೆ ಎಂದು ಬೆರಗಾಗಬಹುದು. ಅದು ಕಥೆ. ಆತ್ಮಕಥೆಯಲ್ಲಿ ಬರುವ ಸುರಪುರದ ಭಾಗವನ್ನೂ ಅದೇ ಕಣ್ಣಿನಿಂದ ಓದಬಹುದೆ?

ಆ ಭಾಗದ ಸಾರಾಂಶ ಇಷ್ಟು. ಸುರಪುರದ ಅರಸ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ಈಶ್ವರಮ್ಮ ರಾಜ್ಯದ ಆಡಳಿತ ಹಿಡಿದಳು. ಟೇಲರ್ ಬ್ರಿಟಿಷ್ ಪ್ರತಿನಿಧಿಯಾಗಿ ಬಂದು, ಹುಡುಗನನ್ನು ತನ್ನ ನೆರಳಿನಲ್ಲಿ ಬೆಳೆಸಿ, 1853ರಲ್ಲಿ ರಾಜ್ಯವನ್ನು ಅವನ ಕೈಗೆ ಒಪ್ಪಿಸಿ ಹೊರಟ. ಆ ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಇಂಗ್ಲಿಷ್ ಪುಸ್ತಕದ ನಡುವೆ ಈ ಮಾತು ಹಾಗೆಯೇ ಉಳಿದಿದೆ. ಐದು ವರ್ಷ ಕಳೆಯುವಷ್ಟರಲ್ಲಿ, 1858ರ ಫೆಬ್ರವರಿಯಲ್ಲಿ, ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಲಿಂಗಸುಗೂರು ಆಗ ದಂಡಿನ ಊರು. ಬಂಡಾಯದ ಸುದ್ದಿ ಅಲ್ಲಿಗೆ ಮುಟ್ಟಲು ಬಹಳ ಹೊತ್ತು ಬೇಕಾಗಿರಲಿಲ್ಲ. ಕೋಟೆ ಬಿತ್ತು. ಅರಸ ಹೈದರಾಬಾದಿಗೆ ಓಡಿಹೋಗಿ ಸೆರೆಸಿಕ್ಕ. ಮರಣದಂಡನೆ ಮೊದಲು ಗಡೀಪಾರಿಗೆ, ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್‌ಪಟ್ಟಿನ ಕಡೆಗೆ ಕರೆದೊಯ್ಯುತ್ತಿದ್ದಾಗ, ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ಬರೆಯುತ್ತಾನೆ.

ಇಷ್ಟನ್ನು ಓದಿ ಕಣ್ಣು ಒದ್ದೆಯಾಗದವರು ವಿರಳ. ಆದರೆ ಇನ್ನೂ ಒಂದು ಎಳೆಯಿದೆ. ಈ ಹುಡುಗ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಅವನ ಜಾತಕ ಹೇಳಿತ್ತೆಂಬುದನ್ನು ಟೇಲರ್ ಬಹಳ ಮೊದಲೇ ತಿಳಿಸಿಬಿಡುತ್ತಾನೆ. ಸಾವು ಬಂದಾಗ ಆ ಮಾತು ನಮ್ಮ ಕಿವಿಯಲ್ಲಿ ಮೊಳಗುತ್ತದೆ. ಅಲ್ಲಿ ನನಗೆ ಕಾಣುವುದು ಕಾದಂಬರಿಕಾರನ ಕೈ. ಜಾತಕದ ಸಂಗತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ಅಲ್ಲಿ ಇಟ್ಟುದರಿಂದ ಒಂದು ರಾಜ್ಯದ ಬಂಡಾಯ ಒಬ್ಬ ತರುಣನ ವಿಧಿಯಾಗಿಬಿಡುತ್ತದೆ ಎನ್ನುತ್ತೇನೆ. ವಿಧಿಯೆಂದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಆ ಅರಸ ಏಕೆ ಎದ್ದ, ಅವನ ಬೇಡ ಸೈನಿಕರು ಏನನ್ನು ಕಂಡು ಅವನ ಬೆನ್ನಿಗೆ ನಿಂತರು ಎಂಬ ಪ್ರಶ್ನೆಗಳು ಮಬ್ಬಾಗುತ್ತವೆ.

ಸಾಕ್ಷಿಯ ಲೆಕ್ಕವನ್ನು ಬೇರೆಯಾಗಿ ಹಾಕಿ ನೋಡಿ. ಬಂಡಾಯ ನಡೆದಾಗ ಟೇಲರ್ ಸುರಪುರದಲ್ಲಿರಲಿಲ್ಲ, ವಿದರ್ಭದ ಕಡೆ ಇದ್ದ. ಸೆರೆಮನೆಯಲ್ಲಿ ಅರಸನನ್ನು ಕಂಡದ್ದು ಹೌದು. ಕೊನೆಯ ಬಿಡಾರದಲ್ಲಿ ಅವನಿರಲಿಲ್ಲ. ಆ ಡೇರೆಯೊಳಗೆ ಏನಾಯಿತೆಂಬುದಕ್ಕೆ ಅರಸನ ಕಡೆಯ ಒಂದು ಮಾತೂ ನಮಗೆ ಬಂದಿಲ್ಲ. ಸುರಪುರದ ಜನರ ನೆನಪಿನಲ್ಲಿ ವೆಂಕಟಪ್ಪ ನಾಯಕ ದಾರಿ ತಪ್ಪಿದ ಸಾಕುಮಗನಲ್ಲ, ಹೋರಾಡಿದ ವೀರ. ರಾಣಿ ಈಶ್ವರಮ್ಮನ ಪಾಡಂತೂ ಇನ್ನೂ ಕಷ್ಟ. ಟೇಲರ್ ಅವಳನ್ನು ಕುತಂತ್ರಿಯೆಂದೂ ನಡತೆಗೆಟ್ಟವಳೆಂದೂ ಚಿತ್ರಿಸುತ್ತಾನೆ. ಗಂಡ ಸತ್ತು, ಮಗ ಚಿಕ್ಕವನಾಗಿ, ಅರಮನೆಯ ಬಾಗಿಲಲ್ಲಿ ಪರದೇಶದ ಅಧಿಕಾರಿಯೊಬ್ಬ ಲೆಕ್ಕ ಕೇಳುತ್ತ ನಿಂತಿರುವಾಗ ಅವಳಿಗೆ ಏನನಿಸಿತೊ! ಅವಳು ಪುಸ್ತಕ ಬರೆಯಲಿಲ್ಲ. ಅವಳ ಚಾರಿತ್ರ್ಯದ ಮೇಲೆ ಇಂಗ್ಲಿಷ್ ಓದುಗರಿಗೆ ಸಿಕ್ಕಿದ್ದು ಅವಳ ಎದುರಾಳಿಯ ಹೇಳಿಕೆ. ‘ಎಷ್ಟು ಹೃದಯವಂತ ಮನುಷ್ಯ, ಎಷ್ಟು ಸೊಗಸಾದ ಪುಸ್ತಕ!’ ಎಂದು ನಾವು ಹೊಗಳುವಾಗ ಆ ಹೇಳಿಕೆಯೂ ಹೊಗಳಿಕೆಯ ಮರೆಯಲ್ಲಿ ಮುಂದಕ್ಕೆ ಸಾಗುತ್ತದೆ.

ಹಾಗೆಂದು ಟೇಲರನನ್ನು ಸುಳ್ಳುಗಾರನೆಂದು ತಳ್ಳಿಹಾಕಿದರೆ ಅದು ಇನ್ನೊಂದು ಬಗೆಯ ಸೋಮಾರಿತನ. ಅವನ ವಾತ್ಸಲ್ಯ ನಿಜವಾಗಿದ್ದೀತು. ಅವನ ನೋವೂ ನಿಜವೇ ಇದ್ದೀತು. ಪ್ರೀತಿಸಿದವನನ್ನು ಕುರಿತು ಬರೆಯುವಾಗಲೇ ಮನುಷ್ಯ ಹೆಚ್ಚು ತಪ್ಪುವುದು, ಏಕೆಂದರೆ ಪ್ರೀತಿಗೆ ತನ್ನ ಮೇಲೆ ಅನುಮಾನ ಹುಟ್ಟುವುದಿಲ್ಲ.

ಇನ್ನು ಅದೇ ದಾರಿಯಲ್ಲಿ ಹಿಂದಿರುಗಿ ಮಸ್ಕಿಯಲ್ಲಿ ಇಳಿಯೋಣ. ಅಲ್ಲಿಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ, ಸವೆದುಹೋದ ಕೆಲವು ಸಾಲುಗಳಿವೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಅವನ್ನು ಕಂಡ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತೇ ವಿನಾ ಅಶೋಕನೆಂಬ ಹೆಸರಿರಲಿಲ್ಲ. ಎರಡನ್ನೂ ಕೂಡಿಸಿಕೊಟ್ಟದ್ದು ಮಸ್ಕಿಯ ಬಂಡೆ. ಚರಿತ್ರೆಯ ಪಾಠದಲ್ಲಿ ನಾವು ಕಲಿತದ್ದು ಇಷ್ಟು. ಆದರೆ ಆ ಸಾಲುಗಳನ್ನು ಓದುಗನಾಗಿ ನೋಡಿದರೆ ಅವು ಒಂದು ಪುಟ್ಟ ಆತ್ಮಕಥೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷವಾಯಿತು, ಸಂಘದ ಸಮೀಪಕ್ಕೆ ಹೋಗಿ ಶ್ರದ್ಧೆಯಿಂದ ನಡೆಯತೊಡಗಿ ಒಂದು ವರ್ಷ ಮೀರಿತು ಎಂದು ಅರಸ ಹೇಳಿಕೊಳ್ಳುತ್ತಾನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪಾಠದಲ್ಲಿ, ಮೊದಲ ವರ್ಷ ತಾನು ಅಷ್ಟೇನೂ ಶ್ರಮಪಡಲಿಲ್ಲವೆಂಬ ಒಪ್ಪಿಗೆಯೂ ಇದೆ. ಈ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಚಿಕ್ಕವರಿಗೂ ದಕ್ಕುತ್ತದೆ ಎಂಬುದು ಅವನ ಸಂದೇಶ. ಇಲ್ಲಿ ಅಳತೆಗೆ ಸಿಕ್ಕಿದವನು ಬರೆಸಿದವನೊಬ್ಬನೇ. ಮತ್ತೊಬ್ಬರ ಮೇಲೆ ಬೆರಳು ತೋರಿಸಿಲ್ಲ.

ಇಷ್ಟಕ್ಕೇ ಅಶೋಕನಿಗೆ ಪೂರ್ಣಾಂಕ ಕೊಡುವಂತಿಲ್ಲ. ಕಳಿಂಗದಲ್ಲಿ ಆದ ಸಾವುನೋವಿಗಾಗಿ ಅವನು ಪಶ್ಚಾತ್ತಾಪಪಟ್ಟ ಹದಿಮೂರನೆಯ ಶಿಲಾಶಾಸನ ಲೋಕಪ್ರಸಿದ್ಧ. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿ, ಜೌಗಡಗಳಲ್ಲಿ ಆ ಶಾಸನವನ್ನು ಕೆತ್ತಿಸಿಲ್ಲ. ನೊಂದವರ ಎದುರಿಗೆ ನೋವಿನ ಮಾತು ಎತ್ತುವುದು ಬೇಡವೆನಿಸಿತೋ, ಆಳುವವನ ಜಾಣತನವೋ, ಬಲ್ಲವರು ಚರ್ಚಿಸಲಿ. ನಮಗೆ ಬೇಕಾದ ಪಾಠ ಒಂದೇ: ತನ್ನನ್ನು ತಾನು ಅಳೆದುಕೊಂಡ ಚಕ್ರವರ್ತಿಯ ಬರಹದಲ್ಲೂ ಬಿಟ್ಟ ಸ್ಥಳಗಳಿವೆ. ಅವನ್ನು ತುಂಬಬೇಕಾದವನು ಓದುಗ.

ಈಗ ನಮ್ಮ ಕಾಲದ ಪುಸ್ತಕಗಳಿಗೆ ಬರೋಣ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನೂ, ಲಿಂಗಸುಗೂರಿನಿಂದ ಕೃಷ್ಣೆಯಾಚೆಗಿರುವ ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನೂ ನಮ್ಮಲ್ಲಿ ಬಹುಮಂದಿ ಓದಿದ್ದಾರೆ. ಲೇಖನಿಯಿಲ್ಲದ ಕೇರಿಗೆ ಲೇಖನಿ ಬಂದ ಮೇಲೆ ಹುಟ್ಟಿದ ಪುಸ್ತಕಗಳಿವು. ‘ಎದುರು ಪಕ್ಷದ ಮಾತನ್ನೂ ಕೇಳಬೇಕಲ್ಲವೆ?’ ಎಂದು ಇಲ್ಲಿ ಕೆಲವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯಂತೆ ತೋರುತ್ತದೆ. ಆದರೆ ಆ ಎದುರು ಪಕ್ಷ ಶತಮಾನಗಳಿಂದ ಮಾತಾಡುತ್ತಲೇ ಬಂದಿದೆ. ಅದರ ಪುರಾಣ, ಅದರ ಕೈಫಿಯತ್ತು, ಅದರ ಕಾದಂಬರಿ ನಮ್ಮ ಕಪಾಟುಗಳಲ್ಲಿ ತುಂಬಿವೆ. ಟೇಲರನ ಪುಸ್ತಕದಲ್ಲಿ ರಾಣಿಯ ಧ್ವನಿಗಾಗಿ ಹುಡುಕುವುದೂ, ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಊರ ಗೌಡರ ಸಮರ್ಥನೆಗಾಗಿ ಹುಡುಕುವುದೂ ಒಂದೇ ಅಲ್ಲ. ತಕ್ಕಡಿಯನ್ನು ಹಿಡಿಯುವ ಮೊದಲು ಯಾವ ತಟ್ಟೆಯಲ್ಲಿ ಆಗಲೇ ಎಷ್ಟು ತೂಕ ಬಿದ್ದಿದೆಯೆಂದು ನೋಡಬೇಕು.

ನಮ್ಮಂಥ ಓದುಗರಿಗೆ ಇಲ್ಲಿ ಇನ್ನೊಂದು ಮೋಹವೂ ಇದೆ. ಅವಮಾನದ ಕಥೆಯನ್ನು ಓದಿ, ‘ಮನ ಕಲಕುವ ಬರವಣಿಗೆ’ ಎಂದು ಹೇಳಿ, ಕಾಫಿ ಕುಡಿದು ಏಳುವುದು. ಶೈಲಿಯನ್ನು ಹೊಗಳಿ ಸಂಗತಿಯಿಂದ ಪಾರಾಗುವ ಉಪಾಯವಿದು. ಸಾಧಾರಣೀಕರಣ ಕಾವ್ಯಕ್ಕೆ ಭೂಷಣ. ಆತ್ಮಕಥೆಗೆ ಅದನ್ನು ಅವಸರದಿಂದ ಹಚ್ಚಿದರೆ ಇಂಥವನ ನೋವು ಎಲ್ಲರದೂ ಆಗಿ, ಕೊನೆಗೆ ಯಾರದೂ ಅಲ್ಲದ್ದಾಗುತ್ತದೆ.

‘ಇಷ್ಟೆಲ್ಲ ತೂಗಿ ನೋಡುವುದಾದರೆ ಓದುವ ಸುಖವೆಲ್ಲಿ? ನಾನು ಚರಿತ್ರಕಾರನಲ್ಲ, ನ್ಯಾಯಾಧೀಶನೂ ಅಲ್ಲ. ಪುಸ್ತಕದ ಮೇಲೆ ನನ್ನ ಅಭಿಪ್ರಾಯ ನನ್ನ ರುಚಿ’ ಎಂದು ಓದುಗ ಮಹಾಶಯರು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯಾದದ್ದೇ. ರುಚಿಗೆ ಕಟ್ಟಳೆಯಿಲ್ಲ. ಆದರೆ ರುಚಿಯ ವ್ಯಾಪ್ತಿ ಹೇಳಿದ ಬಗೆಯವರೆಗೆ ಮಾತ್ರ. ಹೇಳಲ್ಪಟ್ಟವರ ಬಾಳಿನವರೆಗೆ ಅದು ಚಾಚುವುದಿಲ್ಲ. ಅಲ್ಲದೆ ನಮ್ಮ ಮಾತು ನಮ್ಮಲ್ಲೇ ನಿಲ್ಲುವುದೂ ಇಲ್ಲ. ಪುಸ್ತಕವನ್ನು ಓದುವವರು ನೂರು ಜನರಾದರೆ, ಓದಿದವರ ಬಾಯಿಂದ ಕೇಳಿ ‘ಆ ರಾಣಿ ಅಂಥವಳಂತೆ’ ಎಂದು ನಂಬುವವರು ಸಾವಿರ. ನೋಡದೆ ಇದ್ದದ್ದನ್ನು ಕುರಿತು ಸಾಕ್ಷಿ ನುಡಿದವರು ಆಗ ನಾವೇ.

ಬರೆಯದವರ ಸಂಖ್ಯೆ ಯಾವಾಗಲೂ ದೊಡ್ಡದು. ಸಿಂಧನೂರಿನ ಕಡೆ ಒಂದು ಸುತ್ತು ಹಾಕಿದರೆ ಇದು ಕಣ್ಣಿಗೆ ಕಾಣುತ್ತದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಕರಿನೆಲ ಬತ್ತದ ಗದ್ದೆಯಾಯಿತು. ನೆಲವನ್ನು ಅಗ್ಗಕ್ಕೆ ಮಾರಿದ ಸ್ಥಳೀಯನಿದ್ದಾನೆ. ಆಂಧ್ರದ ಕರಾವಳಿಯಿಂದ ಬಂದು ಅದನ್ನು ಕೊಂಡು, ಕ್ಯಾಂಪು ಕಟ್ಟಿಕೊಂಡು ದುಡಿದವನಿದ್ದಾನೆ. ಪೂರ್ವ ಬಂಗಾಳದಲ್ಲಿ ಮನೆಮಠ ಕಳೆದುಕೊಂಡು ಬಂದು ಸರಕಾರದ ಪುನರ್ವಸತಿ ಕ್ಯಾಂಪಿನಲ್ಲಿ ನೆಲೆನಿಂತ ಕುಟುಂಬಗಳಿವೆ. ಒಂದೇ ಕಾಲುವೆಯ ಆತ್ಮಕಥೆಯನ್ನು ಈ ಮೂವರೂ ಬರೆದರೆ ಅದು ಮೂರು ಪುಸ್ತಕವಾದೀತು. ಮಾರಿದವನ ಪುಸ್ತಕದಲ್ಲಿ ಕೊಂಡವನು ಸಂಚುಗಾರ. ಕೊಂಡವನ ಪುಸ್ತಕದಲ್ಲಿ ಮಾರಿದವನು ಸೋಮಾರಿ. ನಾಳೆ ಇವುಗಳಲ್ಲಿ ಒಂದೇ ಒಂದು ಅಚ್ಚಾಗಿ ನಮ್ಮ ಕೈಗೆ ಬಂದರೆ, ಉಳಿದಿಬ್ಬರು ಪಕ್ಕದ ಆಸನದಲ್ಲಿ ಕೂತು ನಮ್ಮ ಅಭಿಪ್ರಾಯವನ್ನು ಆಲಿಸುತ್ತಿರುತ್ತಾರೆ.

ಆದುದರಿಂದ ನನ್ನ ಸೂಚನೆ ಬಹಳ ಸಣ್ಣದು. ಕಾದಂಬರಿಯ ಬಗ್ಗೆ ‘ಹಿಡಿಸಿತು’ ಎಂದು ಹೇಳಿ ಹಾಯಾಗಿರೋಣ. ಆತ್ಮಕಥೆಯ ಬಗ್ಗೆ ಇನ್ನೊಂದು ವಾಕ್ಯ ಸೇರಿಸೋಣ: ಇದರಲ್ಲಿ ಯಾರ ಮಾತು ಕೇಳಿಸಿತು, ಯಾರದು ಕೇಳಿಸಲಿಲ್ಲ. ಇದಕ್ಕೆ ಪಾಂಡಿತ್ಯ ಬೇಡ, ಪುಟ ತಿರುಗಿಸುವಾಗ ಕೊಂಚ ನಿಧಾನ ಬೇಕು. ‘ಟೇಲರ್ ಚೆನ್ನಾಗಿ ಬರೆದಿದ್ದಾನೆ, ಈಶ್ವರಮ್ಮನ ಮಾತು ಮಾತ್ರ ನನಗೆ ಸಿಕ್ಕಲಿಲ್ಲ’ ಎಂದರೆ ಪುಸ್ತಕದ ಸೊಗಸಿಗೇನೂ ಕುಂದು ಬರುವುದಿಲ್ಲ. ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಬಾಯಿಲ್ಲದೆ ನಿಂತಿರುವ ಹೆಂಗಸೊಬ್ಬಳಿಗೆ ಅಷ್ಟರಿಂದಲೇ ಒಂದಿಷ್ಟು ಜಾಗ ಬಿಟ್ಟಂತಾಗುತ್ತದೆ.