ಹತ್ತು, ಹತ್ತು, ಇಪ್ಪತ್ತೊಂದು

ಅಕ್ಕನ ಮಗ ಒಂದು ಭಾನುವಾರ ಲೆಕ್ಕ ಬರೆದ ಕಾಗದ ಹಿಡಿದುಕೊಂಡು ಬಂದ. ಡೊಂಬಿವಲಿಯ ಅವರ ಕಟ್ಟಡದ ಕೆಳಗೆ ತಾಡಪಾಲು ಹೊದ್ದು ನಿಂತಿರುವ ಅವನಪ್ಪನ ಪ್ರೀಮಿಯರ್ ಪದ್ಮಿನಿಗೆ ಮತ್ತೆ ಜೀವ ಕೊಡಬೇಕು, ಬರೀ ಜೀವವಲ್ಲ, ಒಂದಿಷ್ಟು ಜೋರು ಕೂಡ, ಎಂಬುದು ಅವನ ಆಸೆ. "ಮಾವ, ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ರೆ ವಾಲ್ವ್ ಹತ್ತು ಪರ್ಸೆಂಟ್ ಜಾಸ್ತಿ ತೆರೆಯುತ್ತೆ. ರಾಕರ್ ಬದಲಾಯಿಸಿದ್ರೂ ಹತ್ತು. ಎರಡನ್ನೂ ಹಾಕಿಬಿಡೋಣ, ಇಪ್ಪತ್ತಾಯ್ತು."

"ಇಪ್ಪತ್ತಲ್ಲ, ಇಪ್ಪತ್ತೊಂದು" ಎಂದೆ.

"ಇನ್ನೂ ಒಳ್ಳೇದೇ ಆಯ್ತಲ್ಲ!"

ಆ ಒಂದು ಎಲ್ಲಿಂದ ಬಂತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಪದ್ಮಿನಿಯದು 1089 ಸಿಸಿಯ ಹಳೇ ಕಾಲದ ಇಂಜಿನ್. ಕ್ಯಾಮ್‌ಶಾಫ್ಟ್ ಕೆಳಗೆ, ಬ್ಲಾಕಿನೊಳಗೆ ತಿರುಗುತ್ತದೆ. ವಾಲ್ವ್‌ಗಳು ಮೇಲೆ, ಹೆಡ್‌ನಲ್ಲಿವೆ. ಕ್ಯಾಮಿನ ಉಬ್ಬು ಪುಶ್‌ರಾಡನ್ನು ಮೇಲೆ ತಳ್ಳಿದಾಗ ರಾಕರ್ ಎಂಬ ಪುಟ್ಟ ತೊಲೆ ನಡುವಿನ ಕೀಲಿನ ಮೇಲೆ ವಾಲಿ, ಇನ್ನೊಂದು ತುದಿಯಲ್ಲಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಊರಲ್ಲಿ ಏತ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೀಲಿನಿಂದ ಪುಶ್‌ರಾಡಿಗೆ 20 ಮಿ.ಮೀ., ವಾಲ್ವಿಗೆ 30 ಮಿ.ಮೀ. ಇದ್ದರೆ ಅನುಪಾತ 1.5. ಲೆಕ್ಕಕ್ಕೆ ಸುಲಭವಾಗಲೆಂದು ಉಬ್ಬಿನ ಎತ್ತರ 6 ಮಿ.ಮೀ. ಎಂದಿಟ್ಟುಕೊಂಡರೆ ವಾಲ್ವ್ 9 ಮಿ.ಮೀ. ತೆರೆಯುತ್ತದೆ. 1.65ರ ರಾಕರ್ ಹಾಕಿದರೆ 9.9. ಹಳೆಯ ರಾಕರನ್ನೇ ಇಟ್ಟು 6.6ರ ಉಬ್ಬಿರುವ ಕ್ಯಾಮ್ ಹಾಕಿದರೂ ಅದೇ 9.9. ಎರಡನ್ನೂ ಹಾಕಿದರೆ 10.89.

ಹೊಸ ಕ್ಯಾಮ್ ತಂದುಕೊಟ್ಟ ಹೆಚ್ಚಳವನ್ನೂ ರಾಕರ್ ಮತ್ತೆ ಗುಣಿಸುತ್ತದೆ ಎಂಬುದನ್ನು ಹುಡುಗ ಮರೆತಿದ್ದ. ಕ್ಯಾಮನ್ನು ಕೊರೆದವನು ಯಾವುದೋ ಒಂದು ಅನುಪಾತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಉಬ್ಬಿಗೆ ಆಕಾರ ಕೊಟ್ಟಿರುತ್ತಾನೆ: ವಾಲ್ವ್ ಎಷ್ಟು ವೇಗವಾಗಿ ಏಳಬೇಕು, ಎಷ್ಟು ಮೆತ್ತಗೆ ಕೂರಬೇಕು ಎಂದೆಲ್ಲ. ನಾವು ಬೇರೆ ರಾಕರ್ ಹಾಕಿದಾಗ ಅವನನ್ನು ಕೇಳದೆಯೇ ಅವನ ತೀರ್ಮಾನವನ್ನು ತಿದ್ದಿದಂತೆ. ತಿದ್ದಬಾರದೆಂದಲ್ಲ. ತಿದ್ದುತ್ತಿದ್ದೇವೆ ಎಂಬುದಾದರೂ ಗೊತ್ತಿರಬೇಕು.

ಇಷ್ಟಕ್ಕೂ ಆ ಹೆಚ್ಚಳದಿಂದ ಸಿಗುವುದೆಷ್ಟು? ವಾಲ್ವಿನ ವ್ಯಾಸದ ಕಾಲು ಭಾಗದಷ್ಟು ಎತ್ತಿದಾಗಲೇ ಅದರ ಸುತ್ತಲಿನ ಸಂದು ಅದರ ತಲೆಯ ವಿಸ್ತೀರ್ಣಕ್ಕೆ ಸಮನಾಗುತ್ತದೆ. 36 ಮಿ.ಮೀ. ವಾಲ್ವಾದರೆ 9 ಮಿ.ಮೀ.ಗೇ. ಅದರಾಚೆ ಲಾಭ ಇಲ್ಲವೆಂದಲ್ಲ, ತೆಳುವಾಗುತ್ತ ಹೋಗುತ್ತದೆ. ಗಾಳಿಯನ್ನು ತಡೆಯುವುದು ಆಗ ವಾಲ್ವಲ್ಲ, ಅದರ ಹಿಂದಿನ ದಾರಿ. ಆದರೆ ಭಾರ ತೆಳುವಾಗುವುದಿಲ್ಲ. ತೆರೆದ ವಾಲ್ವಿನ ಸ್ಪ್ರಿಂಗ್ 60 ಕೆ.ಜಿ. ಬಲದಲ್ಲಿ ಒತ್ತುತ್ತಿದ್ದರೆ, 1.5ರ ರಾಕರ್ ಮೂಲಕ ಉಬ್ಬಿನ ಮೇಲೆ 90 ಬೀಳುತ್ತದೆ. 1.65ರಲ್ಲಿ 99. ವಾಲ್ವ್ ಜೋರಾಗಿ ಚಲಿಸುವುದರಿಂದ ಅದನ್ನು ಹಿಡಿತದಲ್ಲಿಡಲು 70ರ ಸ್ಪ್ರಿಂಗ್ ಹಾಕಿದಿರೋ, 115 ದಾಟಿತು. ಮೇಲಿನ ತುದಿಯಲ್ಲಿ ಪಡೆದದ್ದನ್ನು ಕೆಳಗಿನ ತುದಿ ತೀರಿಸಬೇಕು.

ಇನ್ನೊಂದು ವಿಚಿತ್ರವಿದೆ. ಉಬ್ಬಿನ ತುದಿ ಅತಿ ಹೆಚ್ಚು ನರಳುವುದು ಇಂಜಿನ್ ಓಡುವಾಗಲ್ಲ, ನಿಂತಲ್ಲೇ ಗುರುಗುಡುವಾಗ. ವೇಗದಲ್ಲಿ ಚಲಿಸುವ ಭಾಗಗಳ ಜಡತ್ವವೇ ತುದಿಯ ಮೇಲಿನ ಒತ್ತಡವನ್ನು ಕೊಂಚ ಇಳಿಸುತ್ತದೆ, ಎಣ್ಣೆಯ ಪದರವೂ ದಪ್ಪಗಿರುತ್ತದೆ. ಐಡಲ್‌ನಲ್ಲಿ ಇವೆರಡೂ ಇಲ್ಲ. ಹಾಗಾದರೆ ಈ ಕಾರು ತನ್ನ ಆಯುಷ್ಯವನ್ನು ಕಳೆಯುವುದೆಲ್ಲಿ? ಕಲ್ಯಾಣ್-ಶಿಲ್‌ಫಾಟಾ ರಸ್ತೆಯಲ್ಲಿ, ಲಾರಿಯೊಂದರ ಹಿಂದೆ, ಕ್ಲಚ್ ತುಳಿದುಕೊಂಡು. ಆರು ಸಾವಿರ ಆರ್‌ಪಿಎಮ್‌ಗಾಗಿ ಹಾಕಿಸಿದ ಸ್ಪ್ರಿಂಗು ಎಂಟುನೂರರಲ್ಲಿ ಕ್ಯಾಮನ್ನು ಅರೆಯುತ್ತಿರುತ್ತದೆ.

ಕಬ್ಬಿಣದ ಮಾತಿನಲ್ಲಿ ನೀತಿ ಎಲ್ಲಿಂದ ಬಂತು ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಕ್ಯಾಮಿಗೆ ನೋವಿಲ್ಲ, ಕಾರು ಅವನದು, ಇಷ್ಟವೂ ಅವನದು. ನಾನು ಅವನಿಗೆ ಕಾಳಿಪೀಳಿಗಳ ಕಾಲವನ್ನು ನೆನಪಿಸಿದೆ. ಈ ಕಾರುಗಳು ಹುಟ್ಟಿದ್ದು ಕುರ್ಲಾದ ಕಾರ್ಖಾನೆಯಲ್ಲಿ, ಎಷ್ಟೋ ಕಾರುಗಳು ದುಡಿದು ಸವೆದದ್ದು ಇದೇ ಊರಿನ ಟ್ಯಾಕ್ಸಿಗಳಾಗಿ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿಗೆ ಅವುಗಳ ಕಥೆ ಮುಗಿಯಿತು. ಎಷ್ಟೋ ಟ್ಯಾಕ್ಸಿಗಳಲ್ಲಿ ಮಾಲೀಕ ಒಬ್ಬ, ದಿನದ ಬಾಡಿಗೆ ಕಟ್ಟಿ ಓಡಿಸುವವನು ಇನ್ನೊಬ್ಬ. ಇಂಜಿನ್ನಿಗೆ ಏನು ಹಾಕಬೇಕೆಂದು ನಿರ್ಧರಿಸುವವನು ಮೊದಲಿನವನು. ಸಾಯನ್ ಸರ್ಕಲ್ಲಿನಲ್ಲಿ ಅದು ಕೈಕೊಟ್ಟಾಗ ಹಿಂದಿನ ಹಾರ್ನುಗಳನ್ನು ಕೇಳುತ್ತ ನಿಲ್ಲುವವನು ಎರಡನೆಯವನು. ರಾಕರಿನ ಎರಡು ತುದಿಗಳು ಒಂದೇ ಲೋಹದ ತುಂಡಿನವು, ನಿಜ. ಆ ತುದಿಗಳಲ್ಲಿ ಕೂತವರು ಒಬ್ಬರೇ ಆಗಿರಬೇಕೆಂದಿಲ್ಲ. ಇವತ್ತು ಮಜಾ ಮಾಡಿ ಎರಡು ವರ್ಷ ಬಿಟ್ಟು ಕಾರು ಮಾರಿದರೆ, ಅವನೂ ಆ ಕಾರು ಕೊಂಡವನೂ ಹಾಗೆಯೇ.

"ಹಾಗಾದ್ರೆ ಏನೂ ಮಾಡೋದೇ ಬೇಡ್ವಾ?" ಎಂದ. ನಾನು ಅಂಥ ವೈರಾಗಿಯಲ್ಲ. ಮುಂಬೈಯ ರಸ್ತೆಗೆ ಯಾವುದಾದರೂ ಒಂದನ್ನು ಆರಿಸು ಎಂದರೆ ನಾನು ರಾಕರನ್ನೇ ಆರಿಸುತ್ತಿದ್ದೆ. ಅದು ವಾಲ್ವ್ ತೆರೆಯುವ-ಮುಚ್ಚುವ ಗಳಿಗೆಯನ್ನು ಹೆಚ್ಚು ಕದಲಿಸುವುದಿಲ್ಲ, ಹಾಗಾಗಿ ಐಡಲ್ ಕೆಡದು. ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಕೆಳವೇಗದ ಎಳೆತವನ್ನೇ ತಿಂದುಹಾಕುತ್ತದೆ. ಅದಕ್ಕೂ ಮೊದಲು ಪಿಸ್ಟನ್ನಿನ ಮೇಲೆ ಮಕ್ಕಳಾಡುವ ಜೇಡಿ ಮೆತ್ತಿ, ಹೆಡ್ ಕೂರಿಸಿ, ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಜೇಡಿಯಲ್ಲಿ ಬಿದ್ದ ಅಚ್ಚನ್ನು ಕೊಯ್ದು ಅಳೆಯಬೇಕು. ಒಳಗಾಳಿಯ ವಾಲ್ವಿಗೆ 2 ಮಿ.ಮೀ., ಹೊಗೆಯದಕ್ಕೆ 2.5 ಉಳಿದಿರಲಿ ಎನ್ನುವುದು ವಾಡಿಕೆ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು. ಅನುಪಾತ ಹೆಚ್ಚಿಸಲು ಪುಶ್‌ರಾಡ್ ಸಾಮಾನ್ಯವಾಗಿ ಕೀಲಿನತ್ತ ಸರಿಯುವುದರಿಂದ ಅದು ಹೆಡ್ಡಿನ ತೂತಿಗೆ ಉಜ್ಜದೆ ಹೋಗುತ್ತದೆಯೇ ಎಂದೂ ನೋಡಬೇಕು. ಬೇಸರದ ಕೆಲಸ. ಕ್ಯಾಟಲಾಗಿನ ಫೋಟೋದಲ್ಲಿ ಇದು ಕಾಣುವುದಿಲ್ಲ.

ಕುರ್ಲಾದಲ್ಲಿ ಹಳೆಯ ಮಿಸ್ತ್ರಿಯೊಬ್ಬರ ಬಳಿ ಇಂಜಿನ್ ಬಿಚ್ಚಿಸಿದೆವು. ಅವರು ಕ್ಯಾಮನ್ನು ಸೀಮೆಎಣ್ಣೆಯಲ್ಲಿ ತೊಳೆದು ಮೈಕ್ರೋಮೀಟರ್ ಹಿಡಿದರು. ಎಂಟರಲ್ಲಿ ಎರಡು ಉಬ್ಬುಗಳು ಉಳಿದವಕ್ಕಿಂತ 0.4 ಮಿ.ಮೀ. ಸವೆದಿದ್ದವು. ನಮ್ಮ ಕಾಗದದ ಲೆಕ್ಕದಲ್ಲಿ 6 ಇದ್ದದ್ದು 5.6. ಹುಡುಗ ಕೂಡಲೇ ಮೊಬೈಲಿನಲ್ಲಿ 1.65ರಿಂದ ಗುಣಿಸಿದ. 9.24. ಸುಮ್ಮನಾದ. ಬರೀ ರಾಕರ್ ಬದಲಾಯಿಸಿದ್ದರೆ ಕಾರು ಮೊದಲಿಗಿಂತ ಚೆನ್ನಾಗಿಯೇ ಓಡುತ್ತಿತ್ತು, ಕೆಳಗಿನ ಸವೆತ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಎರಡು ಉಬ್ಬುಗಳೇ ಹೆಚ್ಚಿನ ಭಾರ ಹೊತ್ತು ಇನ್ನಷ್ಟು ಸವೆಯುತ್ತಿದ್ದವು.

ಮಿಸ್ತ್ರಿ ಏನೂ ಉಪದೇಶ ಮಾಡಲಿಲ್ಲ. "ಮೊದಲು ಇದ್ದದ್ದನ್ನು ವಾಪಸ್ ತನ್ನಿ, ಆಮೇಲೆ ಹೆಚ್ಚಿಗೆ ಕೇಳಿ" ಎಂದು ಹಿಂದಿಯಲ್ಲಿ ಗೊಣಗಿ ಚಹಾ ತರಿಸಿದರು.

ಕಂಪನಿ ಅಳತೆಯದೇ ಇನ್ನೊಂದು ಕ್ಯಾಮ್ ಸಿಕ್ಕಿತು, ರಾಕರ್‌ಗಳು ಹಳೆಯವೇ ಉಳಿದವು. ಆರ್‌ಸಿಯಲ್ಲಿ ಇಂಜಿನ್ ನಂಬರಿಗೂ ಸಿಸಿಗೂ ಜಾಗವಿದೆ, ಒಳಗೆ ಏನು ಬದಲಾಯಿತೆಂದು ಬರೆಯಲು ಜಾಗವಿಲ್ಲ. ಹುಡುಗ ಎಂಟೂ ಉಬ್ಬುಗಳ ಅಳತೆ, ರಾಕರ್ ಅನುಪಾತ, ಕೆಲಸ ಮಾಡಿಸಿದ ತಾರೀಖು ಬರೆದ ಒಂದು ಹಾಳೆಯನ್ನು ಮಡಚಿ ಆರ್‌ಸಿಯ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದಾನೆ. ಕೆಳಗೆ ಖಾಲಿ ಜಾಗ ಬಿಟ್ಟಿದ್ದಾನೆ. 1.65ರ ಆಸೆ ಅವನಿಗೆ ಇನ್ನೂ ಹೋಗಿಲ್ಲ.